ಪದಕದ ಅಂಚಿನಲ್ಲಿರುವ ಹೆಸರು: ಎಡೆದೊರೆ ಸೀಮೆಯ ಹಳೆಯ ಸೈನಿಕ ಪದಕಗಳನ್ನು ಗುರುತಿಸುವುದು ಹೇಗೆ?

ರಾಯಚೂರು: ಬೆಳ್ಳಿಯ ದರ 2025ರಲ್ಲಿ ಕಿಲೋ ಒಂದಕ್ಕೆ 1 ಲಕ್ಷ ರೂಪಾಯಿ ದಾಟಿದ ಮೇಲೆ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಕಪ್ಪಿಟ್ಟು ಬಿದ್ದಿದ್ದ ಬೆಳ್ಳಿಗೂ ಮಹತ್ವ ಬಂದಿದೆ. ಕಾಲ್ಗಡಗ, ಉಡಿದಾರ, ಸವೆದ ಕುಂಕುಮ ಭರಣಿಗಳೊಡನೆ ಸರಾಫರ ತಕ್ಕಡಿ ಏರಬಹುದಾದ ವಸ್ತುಗಳಲ್ಲಿ ಒಂದು ಬಿಲ್ಲೆಯನ್ನು ಮಾತ್ರ ತೂಗುವ ಮೊದಲು ತಿರುಗಿಸಿ ನೋಡಬೇಕು. ಅದು ಬೆಳ್ಳಿ ರೂಪಾಯಿಗಿಂತ ದೊಡ್ಡದು. ಅಗಲ 36 ಮಿಲಿಮೀಟರ್, ತೂಕ ಹೆಚ್ಚುಕಡಿಮೆ 30 ಗ್ರಾಂ. ಒಂದು ಮುಖದಲ್ಲಿ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್. ಇನ್ನೊಂದು ಮುಖದಲ್ಲಿ ಬರಿಮೈಯ ಕುದುರೆ ಸವಾರ, ಕುದುರೆಯ ಕಾಲಡಿಯಲ್ಲಿ ಹದ್ದಿನ ಚಿತ್ರವಿರುವ ಗುರಾಣಿ ಹಾಗೂ ತಲೆಬುರುಡೆ, ಜೊತೆಗೆ 1914 ಮತ್ತು 1918 ಎಂಬ ಇಸವಿಗಳು. ನಮ್ಮ ಸೀಮೆಯವರಿಗೆ ಈ ಸವಾರ ಮೈಲಾರಲಿಂಗನಂತೆ ಕಂಡರೆ ಅಚ್ಚರಿಯೇನಿಲ್ಲ. ಆದರೆ ಆತ ಕ್ರೈಸ್ತರ ಸಂತ ಜಾರ್ಜ್. ಬಿಲ್ಲೆಯ ಹೆಸರು ಬ್ರಿಟಿಷ್ ವಾರ್ ಮೆಡಲ್. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟ ಪದಕ.

ಅದರ ನಿಜವಾದ ಬೆಲೆ ಎರಡೂ ಮುಖಗಳಲ್ಲಿ ಇಲ್ಲ, ಅಂಚಿನಲ್ಲಿದೆ. ನಾಣ್ಯದ ಅಂಚಿನಲ್ಲಿ ಹಲ್ಲುಗಳಿರುವ ಜಾಗದಲ್ಲಿ ಈ ಪದಕಕ್ಕೆ ಇಂಗ್ಲಿಷ್ ಅಕ್ಷರಗಳ ಒಂದು ಸಾಲಿದೆ. ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಅವನಿದ್ದ ಪಡೆ. ಮೂರು ಬೆರಳಿನಷ್ಟು ಉದ್ದದ ಈ ಸಾಲನ್ನು ಓದಿದರೆ ಆ ಬಿಲ್ಲೆ ಯಾರದೆಂದು ತಿಳಿಯುತ್ತದೆ. ಓದದೆ ಕುಲುಮೆಗೆ ಹಾಕಿದರೆ ಒಬ್ಬ ಮನುಷ್ಯನ ಬಗ್ಗೆ ಉಳಿದಿದ್ದ ಏಕೈಕ ದಾಖಲೆ ಕರಗಿ ಹೋಗುವ ಸಾಧ್ಯತೆಯಿದೆ. ಪದಕ ಸಂಗ್ರಹಕಾರರು ಜಗತ್ತಿನಾದ್ಯಂತ ಇಂತಹ ಬಿಲ್ಲೆಗಳ ಹಿಂದೆ ಬೀಳುವುದಕ್ಕೆ ಕಾರಣ ಬೆಳ್ಳಿಯಲ್ಲ, ಈ ಸಾಲು.

ಜಾರ್ ದೊರೆಯ ಸಂಖ್ಯೆ, ನಿಜಾಮರ ಬಿರುದು

ಎಲ್ಲ ರಾಜ್ಯಗಳೂ ಹೀಗೆ ಹೆಸರು ಬರೆಸಲಿಲ್ಲ. ಪದಕ ಸಂಗ್ರಹದ ಜಗತ್ತಿನಲ್ಲಿ ಅತ್ಯಂತ ಬೇಡಿಕೆಯ ಹಾಗೂ ಅಷ್ಟೇ ನಕಲಿ ಹಾವಳಿಯ ವಿಭಾಗವೆಂದರೆ ಜಾರ್ ಚಕ್ರವರ್ತಿಗಳ ಕಾಲದ ರಷ್ಯಾದ್ದು. ಅಲ್ಲಿನ ಪದ್ಧತಿಯನ್ನು ತಿಳಿದುಕೊಂಡರೆ ನಮ್ಮ ಮನೆಗಳಲ್ಲಿರುವ ಪದಕಗಳ ವಿಶೇಷ ಸ್ಪಷ್ಟವಾಗುತ್ತದೆ. ರಷ್ಯಾದ ನಂಟು ನಮಗೆ ದೂರದ್ದೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಕೆಲವು ಭಾರತೀಯ ಸೈನಿಕರ ಎದೆಗೇ ಜಾರ್ ದೊರೆಯ ಶಿಲುಬೆ ಏರಿತ್ತು. ಅದನ್ನು ಮುಂದೆ ನೋಡೋಣ.

ಮೊದಲಿಗೆ ಒಂದು ಭೇದ. ಆರ್ಡರ್ ಎಂದರೆ ದೊರೆ ಸ್ಥಾಪಿಸಿದ ಗೌರವ ಮಂಡಲಿ. ಅದಕ್ಕೆ ಸೇರಿಸಿಕೊಂಡವರಿಗೆ ದರ್ಜೆಗೆ ತಕ್ಕ ಚಿಹ್ನೆ ಸಿಗುತ್ತದೆ. ಮೆಡಲ್ ಎಂದರೆ ಒಂದು ಯುದ್ಧದ, ಸಾಹಸದ ಅಥವಾ ಸಮಾರಂಭದ ನೆನಪಿಗೆ ಕೊಡುವ ಬಿಲ್ಲೆ. ರಷ್ಯಾದಲ್ಲಿ ಒಂದನೇ ಪೀಟರ್ 1698ರಲ್ಲಿ ಸಂತ ಆಂಡ್ರ್ಯೂ ಆರ್ಡರ್ ಸ್ಥಾಪಿಸಿದ. ಎರಡನೇ ಕ್ಯಾಥರೀನ್ 1769ರಲ್ಲಿ ಸೇನಾಧಿಕಾರಿಗಳಿಗಾಗಿ ಸಂತ ಜಾರ್ಜ್ ಆರ್ಡರನ್ನು ಆರಂಭಿಸಿದಳು. ಸಾಮಾನ್ಯ ಸಿಪಾಯಿಗೆ ಅದು ದಕ್ಕುವಂತಿರಲಿಲ್ಲ. 1807ರಲ್ಲಿ ಒಂದನೇ ಅಲೆಕ್ಸಾಂಡರ್ ಸಿಪಾಯಿಗಳಿಗೆಂದೇ ಪ್ರತ್ಯೇಕ ಶಿಲುಬೆಯನ್ನು ತಂದ. 1856ರಿಂದ ಅದಕ್ಕೆ ನಾಲ್ಕು ದರ್ಜೆಗಳಾದವು. ಮೊದಲೆರಡು ಚಿನ್ನದವು, ಕೊನೆಯೆರಡು ಬೆಳ್ಳಿಯವು. ಕಿತ್ತಳೆ ಮತ್ತು ಕಪ್ಪು ಪಟ್ಟೆಗಳ ಅದರ ರಿಬ್ಬನ್ ರಷ್ಯಾದಲ್ಲಿ ಇಂದಿಗೂ ಎಲ್ಲೆಡೆ ಕಾಣುವ ಗುರುತು.

ಈ ಶಿಲುಬೆಯ ಹಿಂಬದಿಯಲ್ಲಿ ಸೈನಿಕನ ಹೆಸರಿಲ್ಲ, ಒಂದು ಸಂಖ್ಯೆ ಇದೆ. ಸಂಖ್ಯೆ ಯಾರದೆಂದು ತಿಳಿಯಲು ಕಾಗದ ಬೇಕು. 1917ರ ಕ್ರಾಂತಿಯ ನಂತರ ಹೊಸ ಸರ್ಕಾರ ಹಳೆಯ ಪದವಿ, ಪದಕಗಳನ್ನೆಲ್ಲ ರದ್ದುಪಡಿಸಿತು. ಪದಕ ಇಟ್ಟುಕೊಂಡಿರುವುದೇ ಕೆಲವರಿಗೆ ಅಪಾಯವಾಯಿತು. ದೇಶ ಬಿಟ್ಟು ಪ್ಯಾರಿಸ್ ಸೇರಿದ ಅಧಿಕಾರಿಗಳು ಹೊಟ್ಟೆಪಾಡಿಗೆ ತಮ್ಮ ಶಿಲುಬೆಗಳನ್ನು ಮಾರಿದರು. ಅವು ಹೀಗೆ ಪಶ್ಚಿಮದ ಮಾರುಕಟ್ಟೆಗೆ ಬಂದವು. ರಷ್ಯಾದ ಸಂಶೋಧಕರು 1914ರಿಂದ 1922ರವರೆಗಿನ ಶಿಲುಬೆಗಳ ಪಟ್ಟಿಗಳನ್ನು ದಫ್ತರಗಳಿಂದ ಹೆಕ್ಕಿ ಹಲವು ಸಂಪುಟಗಳಲ್ಲಿ ಪ್ರಕಟಿಸಿದ ಮೇಲೆಯೇ ಎಷ್ಟೋ ಸಂಖ್ಯೆಗಳಿಗೆ ಹೆಸರು ಮರಳಿ ದೊರೆತಿದೆ.

ಧರ್ಮದ ಪ್ರಶ್ನೆಯೂ ಅಲ್ಲಿ ಎದುರಾಗಿತ್ತು. ಕ್ರೈಸ್ತರಲ್ಲದ ಸೈನಿಕರಿಗೆ ಸಂತನ ಚಿತ್ರ ಬೇಡವೆಂದು 1844ರಲ್ಲಿ ಅವರ ಪದಕದ ಮೇಲೆ ಎರಡು ತಲೆಯ ಹದ್ದನ್ನು ಅಚ್ಚು ಹಾಕಿಸಲಾಯಿತು. ಕಾಕಸಸ್ ಪರ್ವತ ಸೀಮೆಯ ಮುಸ್ಲಿಂ ಸವಾರರು "ನಮಗೆ ಹಕ್ಕಿ ಬೇಡ, ಕುದುರೆ ಸವಾರನೇ ಬೇಕು" ಎಂದು ಹಟ ಹಿಡಿದರೆಂಬ ಕಥೆ ಸಂಗ್ರಹಕಾರರಲ್ಲಿ ಇಂದಿಗೂ ಪ್ರಚಲಿತ. 1913ರ ಹೊಸ ನಿಯಮದಲ್ಲಿ ಹದ್ದನ್ನು ಕೈಬಿಟ್ಟು ಎಲ್ಲರಿಗೂ ಸವಾರನನ್ನೇ ಕೊಡಲಾಯಿತು.

ಯುದ್ಧ ಮುಂದುವರಿದಂತೆ ರಷ್ಯಾದ ಖಜಾನೆ ಬರಿದಾಯಿತು. 1915ರಲ್ಲಿ ಶಿಲುಬೆಯ ಚಿನ್ನದ ಪ್ರಮಾಣವನ್ನು ಇಳಿಸಲಾಯಿತು. 1917ರ ಹೊತ್ತಿಗೆ ಚಿನ್ನ, ಬೆಳ್ಳಿಗಳ ಬದಲು ಹಳದಿ ಲೋಹ, ಬಿಳಿ ಲೋಹ ಎಂಬ ಗುರುತುಗಳೊಡನೆ ಅಗ್ಗದ ಮಿಶ್ರಲೋಹದ ಶಿಲುಬೆಗಳು ಬಂದವು. ಹೊಸಬರು ಎಡವುವ ಮತ್ತೊಂದು ಸಂಗತಿಯಿದೆ. ರಷ್ಯಾದ ಹಳೆಯ ಬೆಳ್ಳಿಯ ಮೇಲೆ 84, ಚಿನ್ನದ ಮೇಲೆ 56 ಎಂಬ ಅಂಕಿಗಳಿರುತ್ತವೆ. ಅವು ಇಸವಿಯಲ್ಲ, ಲೋಹದ ಶುದ್ಧತೆ. 96 ಭಾಗಗಳಲ್ಲಿ 84 ಭಾಗ ಬೆಳ್ಳಿ, ಅಂದರೆ ಶೇ 87.5 ಎಂದರ್ಥ.

ಇತ್ತ ಹೈದರಾಬಾದಿನ ನಿಜಾಮರು ಮೂರನೆಯ ದಾರಿ ಹಿಡಿದಿದ್ದರು. ಅವರ ದರ್ಬಾರಿನಲ್ಲಿ ಗೌರವವೆಂದರೆ ಪದಕಕ್ಕಿಂತ ಹೆಚ್ಚಾಗಿ ಬಿರುದು. ಜಂಗ್, ದೌಲಾ, ಮುಲ್ಕ್, ಜಾಹ್ ಎಂದು ಏರುತ್ತ ಹೋಗುವ ಈ ಬಿರುದುಗಳು ಹೆಸರಿಗೇ ಅಂಟಿಕೊಳ್ಳುತ್ತಿದ್ದವು. ಸಾಲಾರ್ ಜಂಗ್ ಎಂಬುದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ನಿಜಾಮರೂ ಪದಕಗಳನ್ನು ಅಚ್ಚು ಹಾಕಿಸಿದ್ದುಂಟು. ಮೀರ್ ಉಸ್ಮಾನ್ ಅಲಿ ಖಾನರ ಪಟ್ಟಾಭಿಷೇಕದ ರಜತ ಮಹೋತ್ಸವ 1937ರಲ್ಲಿ ನಡೆದಾಗ ಹೊರಬಂದ ಪದಕ ಅವುಗಳಲ್ಲಿ ಒಂದು. ಇಂತಹ ಸಮಾರಂಭದ ಪದಕಗಳಲ್ಲಿ ಪಡೆದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಮನೆಯ ಹಿರಿಯರು ಬಾಯಿಮಾತಿನಲ್ಲಿ ಹೇಳಿದ್ದಷ್ಟೇ ಅದರ ದಾಖಲೆ. ಹಿರಿಯರು ಹೋದ ಮೇಲೆ ಅದು ಯಾರ ಮನೆಯದೂ ಆಗಬಹುದು.

ಲಿಂಗಸುಗೂರಿನ ದಂಡು

ಕೃಷ್ಣಾ–ತುಂಗಭದ್ರೆಯರ ನಡುವಿನ ಎಡೆದೊರೆ ನಾಡು ದಂಡುಗಳನ್ನು ಕಾಣದ ಕಾಲವೇ ಇಲ್ಲ. 1520ರ ರಾಯಚೂರು ಕಾಳಗವನ್ನು ಶಾಲೆಯ ಮಕ್ಕಳೂ ಬಲ್ಲರು. ಪದಕಗಳ ಕಥೆ ಮಾತ್ರ ಅದಕ್ಕಿಂತ ಬಹಳ ಈಚಿನದು. ಅದು ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯೊಂದಿಗೆ ಆರಂಭವಾಗುತ್ತದೆ.

ನಿಜಾಮರ ಹಣದಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ನಡೆಯುತ್ತಿದ್ದ ಪಡೆ ಇದು. ಅದರ ಒಂದು ಭಾಗವಾದ ರಸೆಲ್ ಬ್ರಿಗೇಡ್, ಹೈದರಾಬಾದಿನ ರೆಸಿಡೆಂಟ್ ಹೆನ್ರಿ ರಸೆಲ್ 1813ರಲ್ಲಿ ಕಟ್ಟಿದ್ದು. ಪಡೆಯ ವೆಚ್ಚ ಬಾಕಿ ಬೆಳೆಯುತ್ತ ಹೋಗಿ, 1853ರ ಒಪ್ಪಂದದಲ್ಲಿ ನಿಜಾಮರು ಬೇರಾರ್ ಮತ್ತು ಧಾರಾಶಿವ ಸೀಮೆಗಳ ಜೊತೆಗೆ ರಾಯಚೂರು ದೋಆಬನ್ನೂ ಬ್ರಿಟಿಷರ ವಶಕ್ಕೆ ಒಪ್ಪಿಸಬೇಕಾಯಿತು. 1860ರಲ್ಲಿ ದೋಆಬ್ ನಿಜಾಮರಿಗೆ ಮರಳಿತು. ಅಂದರೆ ರಾಯಚೂರು, ಮಾನ್ವಿ, ದೇವದುರ್ಗಗಳ ರೈತರು ಕಟ್ಟಿದ ಕಂದಾಯ ಏಳು ವರ್ಷ ನೇರವಾಗಿ ಒಂದು ಸೈನ್ಯದ ಸಂಬಳಕ್ಕೆ ಹೋಯಿತು. ಇತಿಹಾಸದ ಪುಸ್ತಕಗಳು ಈ ಒಪ್ಪಂದವನ್ನು ಬೇರಾರಿನ ಪ್ರಕರಣವೆಂದೇ ಹೇಳಿ ಮುಗಿಸುತ್ತವೆ. ದೋಆಬಿನ ಪಾಲು ಅಡಿಟಿಪ್ಪಣಿಗೆ ಇಳಿದಿದೆ.

ಕಂಟಿಂಜೆಂಟಿನ ಒಂದು ದಂಡು ಲಿಂಗಸುಗೂರಿನಲ್ಲಿ ನೆಲೆಸಿತ್ತು. ಅದರ ಕುದುರೆ ಪಡೆ ಸಿಲ್ಲೆದಾರಿ ಪದ್ಧತಿಯದು. ಕುದುರೆ ಸವಾರನ ಲೆಕ್ಕದ್ದು, ಸರ್ಕಾರ ಕೊಡುವುದು ಸಂಬಳ. 1858ರಲ್ಲಿ ಸರ್ ಹ್ಯೂ ರೋಸ್ ಝಾನ್ಸಿ, ಕಾಲ್ಪಿ, ಗ್ವಾಲಿಯರ್‌ಗಳ ಮೇಲೆ ನಡೆಸಿದ ದಂಡಯಾತ್ರೆಯಲ್ಲಿ ಕಂಟಿಂಜೆಂಟಿನ ತುಕಡಿಗಳೂ ಇದ್ದವು. 1857–58ರ ಕಾಳಗಗಳಿಗೆಂದು ಬ್ರಿಟಿಷರು ಹೊರಡಿಸಿದ ಬೆಳ್ಳಿ ಪದಕದಲ್ಲಿ, ರಿಬ್ಬನ್ನಿನ ಕೆಳಗೆ ಕೂರಿಸುವ ಅಡ್ಡಪಟ್ಟಿಗಳ ಮೇಲೆ ಯುದ್ಧರಂಗದ ಹೆಸರಿರುತ್ತದೆ. ಒಟ್ಟು ಐದು ಪಟ್ಟಿಗಳು. ದೆಹಲಿಗೆ ಒಂದು, ಲಖನೌಗೆ ಬೇರೆಬೇರೆ ಹಂತಗಳ ಮೂರು, ಮಧ್ಯ ಭಾರತಕ್ಕೆ ಒಂದು. ಕಂಟಿಂಜೆಂಟಿನವರ ಪದಕದಲ್ಲಿ ಕಾಣುವುದು ಮಧ್ಯ ಭಾರತದ ಪಟ್ಟಿ.

ಆ ಐದರಲ್ಲಿ ಸುರಪುರದ ಹೆಸರಿಲ್ಲ. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರದಲ್ಲಿ 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರ ಬೇಡರ ಪಡೆ ಬ್ರಿಟಿಷ್ ಸೈನ್ಯವನ್ನು ಎದುರಿಸಿತು. ಮದರಾಸು ಕುದುರೆ ಪಡೆಯ ಕ್ಯಾಪ್ಟನ್ ನ್ಯೂಬೆರಿ ಅಲ್ಲಿ ಸತ್ತ. ವೆಂಕಟಪ್ಪ ನಾಯಕರು ಸೆರೆಯಾಗಿ ಅದೇ ವರ್ಷ ತೀರಿಕೊಂಡರು. ಅವರ ಜೊತೆ ನಿಂತವರಿಗೆ ಪದಕ ಕೊಡುವ ದೊರೆಯೇ ಉಳಿಯಲಿಲ್ಲ. ಪದಕಗಳ ಪಟ್ಟಿಯನ್ನು ಇತಿಹಾಸವೆಂದು ಓದುವಾಗ ಈ ಕೊರತೆಯನ್ನು ನೆನಪಿನಲ್ಲಿ ಇಡಬೇಕಾಗುತ್ತದೆ. ಪದಕ ಹೇಳುವುದು ಕೊಟ್ಟವನ ಕಡೆಯ ಕಥೆ.

1903ರಲ್ಲಿ ಸೇನಾಪತಿ ಕಿಚನರ್ ಕಂಟಿಂಜೆಂಟನ್ನು ಬ್ರಿಟಿಷ್ ಭಾರತದ ಸೈನ್ಯದಲ್ಲಿ ವಿಲೀನಗೊಳಿಸಿದ. ಅದರ ಕುದುರೆ ಪಡೆಗಳಲ್ಲಿ ಒಂದು 20ನೇ ಡೆಕ್ಕನ್ ಹಾರ್ಸ್ ಆಯಿತು. ಇಂದಿನ ಭಾರತೀಯ ಸೇನೆಯಲ್ಲಿ ಡೆಕ್ಕನ್ ಹಾರ್ಸ್ ಟ್ಯಾಂಕ್ ಪಡೆಯಾಗಿ ಮುಂದುವರಿದಿದೆ. ಕಾಲಾಳು ಪಡೆಗಳು 1922ರಲ್ಲಿ 19ನೇ ಹೈದರಾಬಾದ್ ರೆಜಿಮೆಂಟ್ ಎನಿಸಿದವು. ಅದೇ ರೆಜಿಮೆಂಟಿಗೆ 1945ರಲ್ಲಿ ಕುಮಾವೂಂ ರೆಜಿಮೆಂಟ್ ಎಂಬ ಹೆಸರು ಬಂತು. ಅಂಚಿನಲ್ಲಿ ಹೈದರಾಬಾದ್ ಎಂದಿದ್ದರೆ ಅದು ನಿಜಾಮರ ಸ್ವಂತ ಪಡೆಯೇ ಆಗಬೇಕಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಎರಡೂ ಬೇರೆ, ಸಂಗ್ರಹಕಾರರು ಬಹಳ ಸಲ ಎಡವುವುದು ಇಲ್ಲಿಯೇ.

ಮಹಾಯುದ್ಧದ ಮೂರು ಪದಕಗಳು

1914ರಿಂದ 1918ರ ಯುದ್ಧಕ್ಕೆ ಭಾರತದಿಂದ ಕಡಲಾಚೆಗೆ ಹೋದವರು 10 ಲಕ್ಷಕ್ಕೂ ಹೆಚ್ಚು. ಸತ್ತವರು ಸುಮಾರು 74,000. 20ನೇ ಡೆಕ್ಕನ್ ಹಾರ್ಸ್ ಫ್ರಾನ್ಸಿಗೆ ಹೋಯಿತು. 1916ರ ಜುಲೈ 14ರಂದು ಸೋಮ್ ಯುದ್ಧರಂಗದ ಹೈವುಡ್ ಬಳಿ ಮೆಷಿನ್ ಗನ್ನುಗಳ ಎದುರು ಕುದುರೆ ಏರಿ ನುಗ್ಗಿದ ಪಡೆಗಳಲ್ಲಿ ಅದೂ ಒಂದು. ನಿಜಾಮರ ಸ್ವಂತ ಲ್ಯಾನ್ಸರ್ಸ್ ಪಡೆ ಮೈಸೂರು, ಜೋಧಪುರಗಳ ಪಡೆಗಳೊಡನೆ ಈಜಿಪ್ಟ್ ಮತ್ತು ಪ್ಯಾಲೆಸ್ತೀನ್‌ಗಳಲ್ಲಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕೀರ್ತಿ ಮೈಸೂರು ಮತ್ತು ಜೋಧಪುರದವರದು. ಆದರೆ ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಹೈದರಾಬಾದಿನದು.

ರಷ್ಯಾದ ಶಿಲುಬೆ ಭಾರತೀಯರಿಗೆ ಸಿಕ್ಕಿದ್ದು ಇದೇ ಯುದ್ಧದಲ್ಲಿ. ಜಾರ್ ಎರಡನೇ ನಿಕೊಲಸ್ ಮತ್ತು ಐದನೇ ಜಾರ್ಜ್ ಅಕ್ಕತಂಗಿಯರ ಮಕ್ಕಳು, ಯುದ್ಧದಲ್ಲಿ ಮಿತ್ರರು. ಮಿತ್ರ ದೇಶಗಳು ತಮ್ಮ ಪದಕಗಳ ಒಂದಿಷ್ಟು ಪಾಲನ್ನು ಪರಸ್ಪರರ ಸೈನಿಕರಿಗೆ ಹಂಚುವ ವಾಡಿಕೆಯಿತ್ತು. ಹಾಗೆ ಬಂದ ಸಂತ ಜಾರ್ಜ್ ಶಿಲುಬೆ ಮತ್ತು ಪದಕಗಳನ್ನು ಭಾರತೀಯ ಸೇನೆಯ ಸುಬೇದಾರ, ಹವಾಲ್ದಾರ, ಸಿಪಾಯಿಗಳಿಗೂ ಕೊಡಲಾಯಿತು. ಅವರ ಹೆಸರುಗಳು ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗಿವೆ. ಗೆಜೆಟ್‌ನ ಸಾಲು, ಶಿಲುಬೆಯ ಸಂಖ್ಯೆ, ಅದೇ ಸೈನಿಕನ ಹೆಸರಿರುವ ಬ್ರಿಟಿಷ್ ಪದಕಗಳು ಒಟ್ಟಿಗೆ ಇದ್ದರೆ ಮಾತ್ರ ಆ ಶಿಲುಬೆ ಅವನದೆಂದು ಸಂಗ್ರಹಕಾರ ನಂಬುತ್ತಾನೆ. ಪದಕಗಳ ಗುಂಪನ್ನು ಬಿಡಿಬಿಡಿಯಾಗಿ ಮಾರಬಾರದೆಂದು ಅನುಭವಿಗಳು ಹೇಳುವುದು ಇದಕ್ಕಾಗಿ.

ಮನೆಯಲ್ಲಿ ಸಿಗಬಹುದಾದ ಮಹಾಯುದ್ಧದ ಪದಕಗಳು ಸಾಮಾನ್ಯವಾಗಿ ಮೂರು. ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್‌ನ ವಿವರ ಆಗಲೇ ಬಂದಿದೆ. ಎರಡನೆಯದು ರೆಕ್ಕೆಯುಳ್ಳ ದೇವತೆಯ ಚಿತ್ರದ ಕಂಚಿನ ವಿಕ್ಟರಿ ಮೆಡಲ್. ರಿಬ್ಬನ್ ಉಳಿದಿದ್ದರೆ ಅದರಲ್ಲಿ ಎರಡು ಕಾಮನಬಿಲ್ಲುಗಳ ಬಣ್ಣವಿರುತ್ತದೆ. ಮೂರನೆಯದು 1915 ಮುಗಿಯುವುದರೊಳಗೆ ರಣರಂಗ ಮುಟ್ಟಿದವರಿಗೆ ಕೊಟ್ಟ ಕಂಚಿನ ನಕ್ಷತ್ರ. ಇದಕ್ಕೆ ಹೆಸರು ಅಂಚಿನಲ್ಲಲ್ಲ, ಬೆನ್ನ ಮೇಲೆ. ಸತ್ತವನ ಮನೆಗೆ ಹೋದದ್ದು ಬೇರೆಯೇ ವಸ್ತು: ಚಿಕ್ಕ ತಟ್ಟೆಯಷ್ಟಿರುವ, ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ಫಲಕ. ಅದರಲ್ಲಿ ಸೈನಿಕನ ಹೆಸರು ಮುಖದ ಮೇಲೆಯೇ ಉಬ್ಬಿ ನಿಂತಿದೆ, ಹುದ್ದೆ ಇಲ್ಲ. ಸಾವಿನಲ್ಲಿ ಅಧಿಕಾರಿಯೂ ಸಿಪಾಯಿಯೂ ಸಮಾನರೆಂದು ಹುದ್ದೆಯನ್ನು ಬಿಡಲಾಗಿತ್ತು.

ಬ್ರಿಟಿಷ್ ವಾರ್ ಮೆಡಲ್‌ನ ಕಂಚಿನ ರೂಪವೂ ಒಂದಿದೆ. ರಸ್ತೆ ಕಡಿದ, ಮೂಟೆ ಹೊತ್ತ ಕೂಲಿ ದಳದವರಿಗೆ ಬೆಳ್ಳಿ ದಂಡವೆಂದು ಕಂಚಿನದನ್ನು ಕೊಟ್ಟರು. ಚೀನಾ, ಮಾಲ್ಟಾಗಳವರೊಡನೆ ಭಾರತದ ಕೂಲಿಗಳೂ ಈ ಸಾಲಿನಲ್ಲಿದ್ದರು. ಬೆಳ್ಳಿಯವು 60 ಲಕ್ಷಕ್ಕೂ ಹೆಚ್ಚು ಅಚ್ಚಾದರೆ ಕಂಚಿನವು ಸುಮಾರು 1.1 ಲಕ್ಷ ಮಾತ್ರ. ಅಂದು ಕೀಳೆಂದು ಕೊಟ್ಟದ್ದು ಇಂದು ವಿರಳವಾಗಿ, ಸಂಗ್ರಹಕಾರರಿಗೆ ಬೆಳ್ಳಿಯದಕ್ಕಿಂತ ಪ್ರಿಯವಾಗಿದೆ. ಸರಾಫರ ತಕ್ಕಡಿಯಲ್ಲಿ ಅದಕ್ಕೆ ಗುಜರಿ ಬೆಲೆ.

ಎರಡನೇ ಮಹಾಯುದ್ಧದ ಪದಕಗಳಲ್ಲಿ ಬೆಳ್ಳಿಯ ಆಸೆ ಬೇಡ. ವಾರ್ ಮೆಡಲ್, ಇಂಡಿಯಾ ಸರ್ವಿಸ್ ಮೆಡಲ್‌ಗಳು ತಾಮ್ರ–ನಿಕ್ಕೆಲ್ ಮಿಶ್ರಣದವು. ಇವುಗಳಲ್ಲಿ ಒಂದು ಸ್ವಾರಸ್ಯವಿದೆ: ಇಂಗ್ಲೆಂಡಿನ ಸೈನಿಕರಿಗೆ ಕೊಟ್ಟವುಗಳಲ್ಲಿ ಹೆಸರಿಲ್ಲ, ಭಾರತದ ಸೈನಿಕರಿಗೆ ಕೊಟ್ಟವುಗಳಲ್ಲಿ ಇದೆ. 1941ರ ಡಿಸೆಂಬರ್ 8ರಂದು ಜಪಾನೀಯರು ಮಲಯಾದ ಕೋಟಾ ಬಾರುವಿನಲ್ಲಿ ಇಳಿದಾಗ ಅಲ್ಲಿನ ವಿಮಾನ ನೆಲೆಯ ಕಾವಲಿಗಿದ್ದದ್ದು ನಿಜಾಮರ 1ನೇ ಹೈದರಾಬಾದ್ ಪದಾತಿ ಪಡೆ. ಬರ್ಮಾ ರಂಗದಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ನಾಯಕರಾಗಿದ್ದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ಸನ್ನಿಸೈಡ್ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಕರಗಿದ್ದು, ಅಡಗಿದ್ದು

1980ರ ಜನವರಿಯಲ್ಲಿ ಜಗತ್ತಿನ ಬೆಳ್ಳಿ ದರ ಹುಚ್ಚೆದ್ದು ಏರಿದಾಗ ಇಂಗ್ಲೆಂಡಿನಲ್ಲೇ ಬ್ರಿಟಿಷ್ ವಾರ್ ಮೆಡಲ್‌ಗಳು ರಾಶಿರಾಶಿಯಾಗಿ ಕುಲುಮೆ ಸೇರಿದವು. ಬೆಳ್ಳಿಯದು ಇಲ್ಲದೆ ಕಂಚಿನ ವಿಕ್ಟರಿ ಮೆಡಲ್ ಮಾತ್ರ ಉಳಿದಿರುವ ಒಂಟಿ ಪದಕಗಳು ಅಲ್ಲಿನ ಮಾರುಕಟ್ಟೆಯಲ್ಲಿ ಹೇರಳವಾಗಿರುವುದು ಇದರಿಂದಲೇ. ತಮ್ಮ ಅಜ್ಜಂದಿರ ಪದಕಗಳನ್ನು ಅವರೇ ಕರಗಿಸಿದರೆಂದ ಮೇಲೆ, ಬರಗಾಲದ ದೋಆಬಿನಲ್ಲಿ ಯಾರಾದರೂ ಮಗಳ ಮದುವೆಗೆ ಒಂದು ಬಿಲ್ಲೆ ಕರಗಿಸಿದ್ದರೆ ತಪ್ಪೆನ್ನಲಾಗದು.

ಈ ಸೀಮೆಯಲ್ಲಿ ಇನ್ನೊಂದು ಕಾರಣವೂ ಕೆಲಸ ಮಾಡಿರಬೇಕು. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ನಿಜಾಮರ ಮುದ್ರೆಯ ಯಾವ ವಸ್ತುವೂ ಹೆಮ್ಮೆಯಿಂದ ಗೋಡೆಗೆ ತೂಗುಹಾಕುವಂಥದ್ದಾಗಿ ಉಳಿಯಲಿಲ್ಲ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ 1972ರಲ್ಲಿ ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟಾಗ ಅದು ಮನೆಯ ಪಡಸಾಲೆಗೆ ಬಂತು. ದೊರೆಗಳ ಸೈನ್ಯದ ಪದಕ ಪೆಟ್ಟಿಗೆಯ ತಳಕ್ಕೆ ಇಳಿಯಿತು. ಎರಡರಲ್ಲೂ ಇದ್ದದ್ದು ಇದೇ ನೆಲದವರ ಹೆಸರು. ಪಂಜಾಬಿನಂತೆ ಹಳ್ಳಿಗೆ ಹಳ್ಳಿಯೇ ಸೈನ್ಯ ಸೇರಿದ ಸೀಮೆ ನಮ್ಮದಲ್ಲ. ಇಲ್ಲಿಂದ ಹೋದವರು ಕಡಿಮೆ, ಆದ್ದರಿಂದ ಇಲ್ಲಿನ ಒಂದೊಂದು ಪದಕವೂ ಹೆಚ್ಚು ಹೇಳಬಲ್ಲದು.

ಪದಕ ಕೈಗೆ ಸಿಕ್ಕರೆ ಮೊದಲು ಮಾಡಬಾರದ ಕೆಲಸವೆಂದರೆ ಉಜ್ಜುವುದು. ಹುಣಸೆಹಣ್ಣು, ರಂಗೋಲಿ ಪುಡಿ, ಪಾಲಿಶ್ ಯಾವುದೂ ಬೇಡ. ಉಜ್ಜಿದಂತೆಲ್ಲ ಅಂಚಿನ ಅಕ್ಷರ ಸವೆಯುತ್ತದೆ. ಅಂಚನ್ನು ಓರೆಯಾದ ಬೆಳಕಿನಲ್ಲಿ ಹಿಡಿದು ಭೂತಗನ್ನಡಿಯಿಂದ ಓದಬೇಕು. ಮೊಬೈಲಿನಲ್ಲಿ ತುಸುತುಸುವೇ ತಿರುಗಿಸುತ್ತ ನಾಲ್ಕಾರು ಚಿತ್ರ ತೆಗೆದರೂ ಸಾಕು. ಕೊರಳ ಸರಕ್ಕೆಂದು ಕೊಂಡಿ ಬೆಸೆದ ಗುರುತಿದ್ದರೆ ಅದನ್ನು ಕಿತ್ತು ಸರಿಪಡಿಸುವ ಗೋಜೂ ಬೇಡ. ಅದೂ ಪದಕದ ಬಾಳಿನ ಒಂದು ಭಾಗವೇ.

ನಕಲಿ ಪತ್ತೆಗೆ ಮೂರು ಪರೀಕ್ಷೆಗಳು ರೂಢಿಯಲ್ಲಿವೆ. ಅಸಲಿ ಪದಕ ಅಚ್ಚಿನಲ್ಲಿ ಒತ್ತಿ ಮಾಡಿದ್ದು, ಗೆರೆಗಳು ಚೂಪು. ನಕಲಿ ಬಹುಮಟ್ಟಿಗೆ ಎರಕದ್ದು, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಎರಡನೆಯದು ಅಳತೆ. ಹಳೆಯ ಹೆಸರನ್ನು ಅರದಿಂದ ಉಜ್ಜಿ ಹೆಸರಾಂತ ಪಡೆಯ ಹೆಸರು ಕೊರೆದಿದ್ದರೆ 36 ಮಿಲಿಮೀಟರ್ ಅಗಲ ಕೂದಲೆಳೆಯಷ್ಟು ಕುಗ್ಗಿರುತ್ತದೆ. ವರ್ನಿಯರ್ ಅಳತೆಗೋಲು ಅದನ್ನು ಹಿಡಿಯುತ್ತದೆ. ಮೂರನೆಯದು ಅಕ್ಷರದ ಶೈಲಿ. ಸರ್ಕಾರ ಹಾಕಿಸಿದ ಅಕ್ಷರಗಳು ಒಂದೇ ಆಳ, ಒಂದೇ ಅಂತರದಲ್ಲಿರುತ್ತವೆ. ರಷ್ಯಾದ ಶಿಲುಬೆ ಅಗ್ಗಕ್ಕೆ ಸಿಕ್ಕಿತೆಂದು ಯಾರಾದರೂ ಹೇಳಿದರೆ ಪರೀಕ್ಷೆಯ ಅಗತ್ಯವೇ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂಬುದೇ ಪರೀಕ್ಷೆ.

ನೂರು ವರ್ಷದ ಗೆರೆ

ಈಗ ಕಾನೂನಿನ ಮಾತು. 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಐತಿಹಾಸಿಕ ಮಹತ್ವದ ವಸ್ತುವೊಂದು 100 ವರ್ಷ ಪೂರೈಸಿದ್ದರೆ ಅದು ಈ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆ. ಈ ದೇಶದ ಸಂಗ್ರಹಕಾರರಲ್ಲಿ ಹಲವರು ಇದನ್ನು ವಿಗ್ರಹ, ತಾಳೆಗರಿಗಳ ಕಾನೂನೆಂದು ಭಾವಿಸಿ ಪದಕಗಳ ಮಟ್ಟಿಗೆ ಗಮನಕ್ಕೆ ತೆಗೆದುಕೊಂಡಿರಲಿಲ್ಲ. ಮಹಾಯುದ್ಧದ ಪದಕಗಳು ತಯಾರಾಗಿ ಹಂಚಿಕೆಯಾದದ್ದು 1919ರ ನಂತರದ ಕೆಲವು ವರ್ಷಗಳಲ್ಲಿ. ಅವು ಒಂದೊಂದಾಗಿ ಆ ಗೆರೆಯನ್ನು ದಾಟಿವೆ.

ಪರಿಣಾಮವೇನು? ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ನೋಂದಣಿ ಕಡ್ಡಾಯವಾದ ವಸ್ತುಗಳ ವರ್ಗಗಳನ್ನು ಕೇಂದ್ರ ಸರ್ಕಾರ ಪ್ರತ್ಯೇಕವಾಗಿ ಅಧಿಸೂಚಿಸುತ್ತದೆ. ಆದರೆ ಪುರಾತನ ವಸ್ತುಗಳನ್ನು ವ್ಯಾಪಾರವಾಗಿ ಮಾರುವವನಿಗೆ ಪರವಾನಗಿ ಬೇಕು. ಖಾಸಗಿ ವ್ಯಕ್ತಿ ಅವುಗಳನ್ನು ವಿದೇಶಕ್ಕೆ ಕಳುಹಿಸುವುದು ನಿಷಿದ್ಧ. ತಪ್ಪಿದರೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು ದಂಡ. ಅಜ್ಜನ ಪದಕದ ಚಿತ್ರವನ್ನು ಇಂಟರ್‌ನೆಟ್ ಹರಾಜಿಗೆ ಹಾಕಿ ಲಂಡನ್ನಿನ ಗಿರಾಕಿಗೆ ಅಂಚೆಯಲ್ಲಿ ಕಳುಹಿಸಿದರೆ ಈ ಕಲಮಿಗೆ ಸಿಕ್ಕಿಬೀಳುವ ಸಂಭವವಿದೆ. ಸಂದೇಹವಿದ್ದಾಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಜ್ಞರು ವಸ್ತುವನ್ನು ನೋಡಿ, ಅದು ಪುರಾತನವಲ್ಲವಾದರೆ ಹಾಗೆಂದು ಪ್ರಮಾಣಪತ್ರ ಕೊಡುವ ವ್ಯವಸ್ಥೆಯಿದೆ. ನೆಲದಲ್ಲಿ ಹುದುಗಿದ್ದದ್ದು ಅಗೆಯುವಾಗ ಸಿಕ್ಕರೆ ಅದು ನಿಧಿಯ ಕಾನೂನಿಗೆ ಒಳಪಡುವ ಬೇರೆಯೇ ಪ್ರಕರಣ, ಜಿಲ್ಲಾಧಿಕಾರಿಗೆ ತಿಳಿಸಬೇಕಾಗುತ್ತದೆ.

ಹೆಸರು ಹುಡುಕುವ ದಾರಿ

ಅಂಚಿನ ಸಾಲನ್ನು ಓದಿದ ಮೇಲೆ ಮುಂದೇನು? ಯುದ್ಧದಲ್ಲಿ ಸತ್ತವರ ಹೆಸರುಗಳು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅಂತರ್ಜಾಲ ಪಟ್ಟಿಯಲ್ಲಿ ಉಚಿತವಾಗಿ ಸಿಗುತ್ತವೆ. ಎಷ್ಟೋ ಸಲ ತಂದೆಯ ಹೆಸರು, ಊರು, ತಾಲ್ಲೂಕುಗಳೂ ಅಲ್ಲಿರುತ್ತವೆ. ಶೌರ್ಯ ಪದಕಗಳಿಗೆ ಲಂಡನ್ ಗೆಜೆಟ್ ಇದೆ. ಬ್ರಿಟಿಷ್ ಭಾರತದ ಸೇನೆಯ ಕಾಗದಗಳ ದೊಡ್ಡ ಭಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಿಜಾಮರ ಸರ್ಕಾರದ ಕಡತಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ರಾಯಚೂರಿನಿಂದ ರೈಲಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನ ತಲುಪಬಹುದಾದ ಜಾಗ. ಕಡತಗಳ ಭಾಷೆ ಮಾತ್ರ ಬಹುಪಾಲು ಪಾರ್ಸಿ ಮತ್ತು ಉರ್ದು.

ಅಲ್ಲಿ ಮೂರು ತೊಡಕುಗಳು ಎದುರಾಗುತ್ತವೆ. ಒಂದು, ಇಸವಿ. ನಿಜಾಮರ ಪದಕ ಮತ್ತು ನಾಣ್ಯಗಳ ಮೇಲಿರುವುದು ಹಿಜರಿ ವರ್ಷ, ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತಶಕ ಸಿಗುತ್ತದೆ. ಕಚೇರಿಯ ಕಾಗದಗಳಲ್ಲಿರುವುದು ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ಸಾಕು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ ಏಳೆಂಟು ವರ್ಷ ತಪ್ಪುತ್ತದೆ. ಎರಡು, ಜಿಲ್ಲೆ. 1905ರವರೆಗೆ ಲಿಂಗಸುಗೂರು ಎಂಬ ಪ್ರತ್ಯೇಕ ಜಿಲ್ಲೆಯೇ ಇತ್ತು. ಅದನ್ನು ರದ್ದುಪಡಿಸಿ ತಾಲ್ಲೂಕುಗಳನ್ನು ರಾಯಚೂರು ಮತ್ತು ಗುಲ್ಬರ್ಗಾಗಳಿಗೆ ಹಂಚಲಾಯಿತು. ಸಿಂಧನೂರು, ಕುಷ್ಟಗಿಗಳ ಸೈನಿಕನನ್ನು ಆ ಕಾಲದ ರಾಯಚೂರು ಪಟ್ಟಿಯಲ್ಲಿ ಹುಡುಕಿದರೆ ಸಿಗಲಾರ.

ಮೂರನೆಯದು ಕಾಗುಣಿತ. ಸೇನಾ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ದೇವದುರ್ಗ ಅವರ ಕಾಗದಗಳಲ್ಲಿ ದೇವದ್ರುಗ್, ದಿಯೋದ್ರುಗ್ ಆಗಿದೆ, ಸುರಪುರ ಶೋರಾಪುರವಾಗಿದೆ, ಲಿಂಗಸುಗೂರಿಗೆ ನಾಲ್ಕಾರು ರೂಪಗಳಿವೆ. ಮಾನ್ವಿ ಒಂದು ಮಟ್ಟಿಗೆ ಮಾನ್ವಿಯಾಗಿಯೇ ಉಳಿದಿದೆ. ಮನುಷ್ಯರ ಹೆಸರಿಗೂ ಇದೇ ಗತಿ. ಹನುಮಂತ, ಯಲ್ಲಪ್ಪ, ಖಾಸಿಂ ಎಂಬ ಹೆಸರುಗಳನ್ನು ಗುಮಾಸ್ತನ ಕಿವಿಯಿಂದ ಕೇಳಿಸಿಕೊಂಡು, ಐದಾರು ಬಗೆಯಲ್ಲಿ ಬರೆದು ಒಂದೊಂದನ್ನೇ ಹುಡುಕಬೇಕು. ಅಂಚಿನ ಸಾಲಿನಲ್ಲಿ ಹೆಸರಿಗಿಂತ ಮೊದಲು ಬರುವ ಸಂಖ್ಯೆಯನ್ನು ಜೊತೆಗಿಟ್ಟುಕೊಂಡರೆ ಅನುಕೂಲ. ಗುಮಾಸ್ತ ಹೆಸರನ್ನು ಹೇಗೆ ತಿರುಚಿದರೂ ಸಂಖ್ಯೆಯನ್ನು ಸಾಮಾನ್ಯವಾಗಿ ತಪ್ಪಾಗಿ ಬರೆದಿಲ್ಲ.